ಆನೇ ದೋ, ಆನೇ ದೋ... ಬಸ್!

ಡೊಂಬಿವಲಿ ಪೂರ್ವದ ಯಾವ ಹೌಸಿಂಗ್ ಸೊಸೈಟಿಯ ಅಂಗಳಕ್ಕೆ ಹೋದರೂ ಸಂಜೆ ಏಳೂವರೆಯ ಹೊತ್ತಿಗೆ ಒಂದೇ ಮಂತ್ರ ಕೇಳಿಸುತ್ತದೆ: ‘ಆನೇ ದೋ, ಆನೇ ದೋ, ಆನೇ ದೋ... ಬಸ್!’ ಉಡುಪಿಯಿಂದಲೋ ಗದಗದಿಂದಲೋ ರಜೆಗೆ ಬಂದ ಮಗು ಆನೆ ಎಲ್ಲಿ ಎಂದು ಬಾಲ್ಕನಿಯಿಂದ ಬಗ್ಗಿ ನೋಡುತ್ತದೆ. ಆನೆಯೂ ಇಲ್ಲ, ಬಸ್ಸೂ ಇಲ್ಲ. ಇರುವುದು ಸ್ಟಿಲ್ಟಿನ ಎರಡು ಕಂಬಗಳ ನಡುವೆ ಹಿಂದಕ್ಕೆ ಸರಿಯುತ್ತಿರುವ ಒಂದು ಬಿಳಿ ಕಾರು, ಅದರ ಬೆನ್ನಿಗೆ ನಿಂತು ಕೈ ಬೀಸುವ ವಾಚ್‌ಮನ್, ಒಳಗೆ ಕುತ್ತಿಗೆ ತಿರುಗಿಸಿಕೊಂಡು ಬೆವರುತ್ತಿರುವ ಯಜಮಾನರು.

ಆ ‘ಬಸ್’ ಎಂಬ ಪದ ಬಾಯಿಂದ ಬಿದ್ದ ಮೇಲೆ ಕಾರು ನಿಲ್ಲುವುದಕ್ಕೆ ಎಷ್ಟು ಜಾಗ ಬೇಕು? ಲೆಕ್ಕ ಸುಲಭ. ಗಂಟೆಗೆ 5 ಕಿಲೋಮೀಟರ್ ಎಂದರೆ ಮನುಷ್ಯ ನಡೆಯುವ ವೇಗ. ಸೆಕೆಂಡಿಗೆ ಸುಮಾರು 1.4 ಮೀಟರ್. ಕಿವಿಗೆ ಬಿದ್ದದ್ದು ಕಾಲಿಗೆ ಇಳಿಯಲು ಒಂದು ಸೆಕೆಂಡು ಹಿಡಿದರೆ ಕಾರು ಅಷ್ಟರಲ್ಲಿ ನಾಲ್ಕೂವರೆ ಅಡಿ ಹಿಂದೆ ಹೋಗಿರುತ್ತದೆ. ನಮ್ಮ ಸ್ಟಿಲ್ಟುಗಳಲ್ಲಿ ಗೋಡೆಗೂ ಬಂಪರಿಗೂ ನಡುವೆ ಅಷ್ಟು ಅಂತರವನ್ನು ಯಾವ ಬಿಲ್ಡರನೂ ಬಿಟ್ಟುಕೊಟ್ಟಿಲ್ಲ.

ಗೇರಿನ ಗಾಡಿಯಲ್ಲಿ ಈ ಲೆಕ್ಕ ಅಷ್ಟೊಂದು ಕಾಡುತ್ತಿರಲಿಲ್ಲ. ಅಲ್ಲಿ ಎಡಗಾಲು ಸದಾ ಕ್ಲಚ್ಚಿನ ಮೇಲೆ. ಗಾಬರಿಯಾದರೆ ಮೊದಲು ಇಳಿಯುವುದು ಅದೇ ಕಾಲು. ಅದು ಇಳಿದ ಕ್ಷಣ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಬಲಗಾಲು ತಪ್ಪಿ ಆಕ್ಸಿಲರೇಟರ್ ತುಳಿದರೂ ಎಂಜಿನ್ ಬೊಬ್ಬೆ ಹೊಡೆಯುತ್ತದೆಯೇ ಹೊರತು ಕಾರು ಜಿಗಿಯುವುದಿಲ್ಲ. ಕ್ಲಚ್ ಎಂದರೆ ನಮ್ಮ ಅಪ್ಪಂದಿರಿಗೆ ಗೇರ್ ಬದಲಿಸುವ ಪೆಡಲು ಮಾತ್ರವಾಗಿರಲಿಲ್ಲ, ತುರ್ತು ಬಾಗಿಲೂ ಆಗಿತ್ತು. ಆಟೋಮ್ಯಾಟಿಕ್ ಬಂದು ಆ ಬಾಗಿಲನ್ನು ಮುಚ್ಚಿತು. ಎಡಗಾಲಿಗೆ ನಿವೃತ್ತಿ, ಬಲಗಾಲಿಗೆ ಎರಡು ಕೆಲಸ. ಷೋರೂಮಿನಲ್ಲಿ ‘ಸ್ಕೂಟಿಯ ಹಾಗೆ ಸಾರ್, ಬರೀ ಆಕ್ಸಿಲರೇಟರ್, ಬ್ರೇಕ್’ ಎನ್ನುವ ಹುಡುಗ ಹೇಳುವುದು ನಿಜವೇ. ಅಪಾಯವೂ ಆ ‘ಬರೀ’ಯಲ್ಲೇ ಇದೆ.

ಈ ಸೀಮೆಗೆ ಗೇರಿನ ಋಣ ದೊಡ್ಡದು. ಕಲ್ಯಾಣ್-ಶೀಲ್ ರಸ್ತೆಯ ಬದಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕಾರ್ಖಾನೆ ಇತ್ತು. 1990ರ ದಶಕದಲ್ಲಿ ಪೀಜೋ 309 ಕಾರುಗಳು ಹೊರಬಿದ್ದದ್ದು ಅಲ್ಲಿಂದಲೇ. ಅದೇ ಕಂಪನಿಯ ಪದ್ಮಿನಿ, ಸ್ಟೀರಿಂಗಿನ ಕತ್ತಿಗೆ ಗೇರ್ ಕಡ್ಡಿ ಸಿಕ್ಕಿಸಿಕೊಂಡ ಕಾಲಿ-ಪೀಲಿ ಟ್ಯಾಕ್ಸಿ, ಮುಂಬಯಿಯ ರಸ್ತೆಯಿಂದ ಅಧಿಕೃತವಾಗಿ ಮರೆಯಾದದ್ದು 2023ರ ಅಕ್ಟೋಬರ್ ಕೊನೆಯಲ್ಲಿ. ಅದರ ಗೇರ್ ಎಳೆದೇ ಭುಜ ಗಟ್ಟಿಮಾಡಿಕೊಂಡವರು, ಅಂಥ ಟ್ಯಾಕ್ಸಿಯಲ್ಲಿ ಹೋಟೆಲಿಗೆ ತರಕಾರಿ ಸಾಗಿಸಿದವರು, ಈಗ ಮಗ ಕೊಡಿಸಿದ ಎಂಎಚ್ 05 ನಂಬರಿನ ಆಟೋಮ್ಯಾಟಿಕ್‌ನಲ್ಲಿ ಕೂರುತ್ತಿದ್ದಾರೆ. ಥಾಣೆಯ ಎಂಎಚ್ 04, ವಾಶಿಯ ಎಂಎಚ್ 43 ಗಾಡಿಗಳ ಕತೆಯೂ ಬೇರೆಯಲ್ಲ. ಈ ಬದಲಾವಣೆಗೆ ಬೀಜ ಬಿದ್ದದ್ದು 2014ರ ಫೆಬ್ರವರಿಯಲ್ಲಿ, ಮಾರುತಿ ಕಂಪನಿ ಸೆಲೆರಿಯೊ ಕಾರಿನಲ್ಲಿ ಎಎಂಟಿ ಎಂಬ ಅಗ್ಗದ ಆಟೋಮ್ಯಾಟಿಕ್ ತಂದಾಗ. ಹಳೆಯ ಗೇರ್ ಪೆಟ್ಟಿಗೆಯೇ. ಕ್ಲಚ್ ಒತ್ತುವ, ಗೇರ್ ದೂಡುವ ಕೆಲಸವನ್ನು ಮಾತ್ರ ಒಂದು ಪುಟ್ಟ ಯಂತ್ರ ಮಾಡುತ್ತದೆ. ಅಲ್ಲಿಯವರೆಗೆ ದುಡ್ಡಿದ್ದವರ ಸೊತ್ತಾಗಿದ್ದ ಸೌಕರ್ಯ ಮಜಿವಾಡಾ ಜಂಕ್ಷನ್ನಿನಲ್ಲಿ ದಿನಾ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಳ್ಳುವ ಗುಮಾಸ್ತನಿಗೂ ಸಿಕ್ಕಿತು.

ಆಟೋಮ್ಯಾಟಿಕ್ ಓಡಿಸಲು ಬೇರೆ ಕಲಿಕೆ ಬೇಕಿಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿ ಎಂದರೆ ಕಾನೂನುಗಳೇ ಅದರ ಮೇಲೆ ನಿಂತಿವೆ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್‌ನಲ್ಲಿ ಪರೀಕ್ಷೆ ಪಾಸಾದವರು ಗೇರಿನ ಗಾಡಿ ಮುಟ್ಟುವಂತಿಲ್ಲ. ಗೇರಿನಲ್ಲಿ ಪಾಸಾದವರು ಮಾತ್ರ ಯಾವುದನ್ನಾದರೂ ಓಡಿಸಬಹುದು. ಕಷ್ಟದ್ದು ಬಂದವನಿಗೆ ಸುಲಭದ್ದು ಬಂದೇ ಬರುತ್ತದೆ ಎಂಬ ತರ್ಕ. 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾ ಪಶ್ಚಿಮದ ಎಸ್.ಜಿ. ಬರ್ವೆ ಮಾರ್ಗದಲ್ಲಿ ಈ ತರ್ಕ ಮುಖ ಅಡಿಯಾಗಿ ಬಿತ್ತು. ಬೆಸ್ಟ್ ಸಂಸ್ಥೆಗಾಗಿ ಓಡುತ್ತಿದ್ದ ಹನ್ನೆರಡು ಮೀಟರ್ ಉದ್ದದ ವಿದ್ಯುತ್ ಬಸ್ಸೊಂದು ಜನಜಂಗುಳಿಯ ಮೇಲೆ, ಸಾಲುಗಟ್ಟಿದ ವಾಹನಗಳ ಮೇಲೆ ನುಗ್ಗಿತು. ಕನಿಷ್ಠ 7 ಮಂದಿ ಪ್ರಾಣ ಬಿಟ್ಟರು, ಹತ್ತಾರು ಮಂದಿ ಗಾಯಗೊಂಡರು. ತನಿಖೆಯ ಮೊದಲ ದಿನಗಳಲ್ಲೇ ಮುಂದೆ ಬಂದ ಪ್ರಶ್ನೆ ಇದು: ವರ್ಷಗಟ್ಟಲೆ ಗೇರಿನ ಸಣ್ಣ ಬಸ್ಸು ಓಡಿಸಿದ ಚಾಲಕನಿಗೆ ಕ್ಲಚ್ಚಿಲ್ಲದ ದೊಡ್ಡ ಬಸ್ಸು ಕೊಡುವ ಮೊದಲು ಎಷ್ಟು ದಿನ ತರಬೇತಿ ಕೊಟ್ಟಿದ್ದರು? ಕೈಬೆರಳಲ್ಲಿ ಎಣಿಸುವಷ್ಟು ಎಂಬ ಉತ್ತರ ಪತ್ರಿಕೆಗಳಲ್ಲಿ ಬಂತು. ಇಪ್ಪತ್ತು ವರ್ಷದ ಅನುಭವ ಕಾಲಿಗೆ ಕಲಿಸಿದ್ದು ಹೊಸ ಗಾಡಿಯಲ್ಲಿ ಕೆಲಸಕ್ಕೆ ಬಾರದಿರಬಹುದು, ಅಡ್ಡವೂ ಬರಬಹುದು.

ಇದು ಹೊಸ ಜಗಳವೇನಲ್ಲ. 1986ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದು ಆಡಿ 5000 ಕಾರುಗಳು ತಾವಾಗಿಯೇ ರಭಸದಿಂದ ನುಗ್ಗುತ್ತವೆ ಎಂದು ತೋರಿಸಿ ಕಂಪನಿಯ ಮಾರಾಟವನ್ನೇ ಮುಳುಗಿಸಿತು. ಬ್ರೇಕ್ ಒತ್ತಿದ್ದೆವು, ಆದರೂ ಕಾರು ನಿಲ್ಲಲಿಲ್ಲ ಎಂದು ಓಡಿಸುತ್ತಿದ್ದವರೆಲ್ಲ ಪ್ರಮಾಣ ಮಾಡಿದರು. ಅಲ್ಲಿನ ಹೆದ್ದಾರಿ ಸುರಕ್ಷಾ ಸಂಸ್ಥೆ 1989ರಲ್ಲಿ ಕೊಟ್ಟ ವರದಿ ಬೇರೆಯದನ್ನೇ ಹೇಳಿತು: ಬಹುಪಾಲು ಪ್ರಸಂಗಗಳಲ್ಲಿ ಒತ್ತಿದ್ದು ಬ್ರೇಕ್ ಅಲ್ಲ, ಆಕ್ಸಿಲರೇಟರ್. ಸುಳ್ಳು ಹೇಳಿದ್ದಲ್ಲ, ಅವರು ನಿಜಕ್ಕೂ ಹಾಗೇ ನಂಬಿದ್ದರು. ಕಾಲ ಕೆಳಗೆ ಇರುವುದು ಬ್ರೇಕ್ ಎಂದು ಮಿದುಳು ಒಮ್ಮೆ ತೀರ್ಮಾನಿಸಿದರೆ, ಕಾರು ಮುಂದೆ ಹೋದಷ್ಟೂ ಕಾಲು ಇನ್ನಷ್ಟು ಗಟ್ಟಿಯಾಗಿ ತುಳಿಯುತ್ತದೆ. ಇಂದು ಬ್ರೇಕ್ ತುಳಿಯದೆ ಲಿವರನ್ನು ಪಿ ಯಿಂದ ಹೊರಗೆ ತೆಗೆಯಲು ಬಿಡದ ಬೀಗ ಎಲ್ಲ ಕಡೆ ಬಳಕೆಗೆ ಬಂದದ್ದರ ಹಿಂದೆ ಆ ಗಲಾಟೆಯ ಪಾಲೂ ಇದೆ. ಜಪಾನಿನಲ್ಲಿ 2019ರ ಏಪ್ರಿಲಿನಲ್ಲಿ ಟೋಕಿಯೋದ ಇಕೆಬುಕುರೊ ಎಂಬಲ್ಲಿ 87 ವರ್ಷದ ವೃದ್ಧರೊಬ್ಬರ ಕಾರು ತಾಯಿ-ಮಗಳನ್ನು ಬಲಿ ತೆಗೆದುಕೊಂಡಾಗಲೂ ಸಾಬೀತಾದದ್ದು ಇದೇ ತಪ್ಪು. 2028ರ ಸೆಪ್ಟೆಂಬರಿನಿಂದ ಅಲ್ಲಿ ಹೊಸ ಆಟೋಮ್ಯಾಟಿಕ್ ಕಾರುಗಳಿಗೆ ಪೆಡಲ್ ತಪ್ಪನ್ನು ಹಿಡಿದು ತಡೆಯುವ ಸಾಧನ ಕಡ್ಡಾಯ.

ನಮ್ಮಲ್ಲಿ ಆ ಸಾಧನ ಬರುವವರೆಗೆ ಹಿಮ್ಮಡಿಯೇ ಗತಿ. ಬಲಗಾಲಿನ ಹಿಮ್ಮಡಿಯನ್ನು ಬ್ರೇಕ್ ಪೆಡಲಿನ ನೇರಕ್ಕೆ ನೆಲಕ್ಕೂರಿ, ಆಕ್ಸಿಲರೇಟರ್ ಬೇಕಾದಾಗ ಮುಂಗಾಲನ್ನು ಮಾತ್ರ ಬಲಕ್ಕೆ ಹೊರಳಿಸಬೇಕು. ಹಿಮ್ಮಡಿ ಎದ್ದು ಜಾಗ ಬದಲಿಸಿತೋ, ಕಾಲಿಗೆ ದಿಕ್ಕು ತಪ್ಪಿತು. ‘ಎಡಗಾಲು ಖಾಲಿಯೇ ಇದೆಯಲ್ಲ, ಬ್ರೇಕಿಗೆ ಅದನ್ನಿಟ್ಟರಾಯಿತು’ ಎನ್ನುವ ಜಾಣರೂ ಇದ್ದಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಪೆಡಲುಗಳ ಮೇಲೆ ಆಡಿಸಿ ತೋರಿಸಿದ ಹಾಗೆ ಅದು. ಗಾಬರಿಯಲ್ಲಿ ಎರಡೂ ಕಾಲು ಒಟ್ಟಿಗೇ ಇಳಿಯುತ್ತವೆ. ಕ್ಲಚ್ಚನ್ನು ತಳ ಮುಟ್ಟುವಷ್ಟು ತುಳಿದು ರೂಢಿಯಾದ ಎಡಗಾಲು ಬ್ರೇಕನ್ನೂ ಹಾಗೇ ತುಳಿಯುತ್ತದೆ, ಹಿಂದಿನ ರಿಕ್ಷಾ ಬಂದು ಡಿಕ್ಕಿಗೆ ಮುತ್ತಿಡುತ್ತದೆ. ಎಡಗಾಲಿಗೆ ಮೂಲೆಯ ಪಾದಪೀಠವೇ ಸರಿ. ಹವಾಯಿ ಚಪ್ಪಲಿ ಹಾಕಿಕೊಂಡು ತರಕಾರಿ ತರಲು ಹೊರಡುವವರಿಗೂ ಇದೇ ಮಾತು: ಮಳೆಯಲ್ಲಿ ನೆಂದ ಚಪ್ಪಲಿ ಪೆಡಲಿನ ಮೇಲೆ ಸಾಬೂನಿನ ಹಾಗೆ ಜಾರುತ್ತದೆ.

ಇನ್ನು ರಿವರ್ಸ್. ಆರ್ ಗೆ ಹಾಕಿ ಬ್ರೇಕಿನಿಂದ ಕಾಲು ಸಡಿಲಿಸಿದರೆ ಸಾಕು, ಹೆಚ್ಚಿನ ಆಟೋಮ್ಯಾಟಿಕ್‌ಗಳು ತಾವಾಗಿ ಹಿಂದಕ್ಕೆ ತೆವಳುತ್ತವೆ. ಈ ತೆವಳುವಿಕೆ ದೋಷವಲ್ಲ, ವರ. ಸಮತಟ್ಟು ಜಾಗದಲ್ಲಿ ಹಿಂದೆ ತೆಗೆಯುವಾಗ ಆಕ್ಸಿಲರೇಟರಿನ ಕಡೆ ಕಾಲು ಹೋಗುವ ಕಾರಣವೇ ಇಲ್ಲ. ಬ್ರೇಕಿನ ಮೇಲೆ ಇಟ್ಟ ಪಾದವನ್ನು ಕೂದಲೆಳೆಯಷ್ಟು ಎತ್ತುವುದು, ಇಳಿಸುವುದು, ಇಷ್ಟೇ ಕೆಲಸ. ಪಾದ ಬ್ರೇಕಿನಿಂದ ಕದಲದಿದ್ದರೆ ತಪ್ಪು ಪೆಡಲು ತುಳಿಯುವ ಪ್ರಶ್ನೆಯೇ ಏಳುವುದಿಲ್ಲ. ತೊಂದರೆ ಶುರುವಾಗುವುದು ಹಂಪು ಬಂದಾಗ. ಸ್ಟಿಲ್ಟಿನ ಬಾಯಲ್ಲಿ ಮಳೆನೀರು ಒಳಬರದಂತೆ ಕಟ್ಟಿದ ಸಣ್ಣ ದಿಂಡಿಗೆ ಹಿಂದಿನ ಚಕ್ರ ತಾಗಿ ಕಾರು ನಿಲ್ಲುತ್ತದೆ. ವಾಚ್‌ಮನ್ ‘ಥೋಡಾ ರೇಸ್ ದೋ ಸಾಬ್’ ಎನ್ನುತ್ತಾನೆ. ಸಾಹೇಬರು ಕೊಡುತ್ತಾರೆ. ಚಕ್ರ ದಿಂಡು ಹತ್ತಿ ಇಳಿಯುತ್ತದೆ, ಕೊಟ್ಟ ರೇಸು ಮಾತ್ರ ಇನ್ನೂ ಕಾಲ ಕೆಳಗೇ ಇರುತ್ತದೆ. ಕಂಬಗಳ ಮೇಲಿನ ಹಳದಿ-ಕಪ್ಪು ಪಟ್ಟಿಗಳ ಮೇಲೆ ಬಿಳಿ, ಕೆಂಪು, ಬೂದು ಗೀರುಗಳು ಮೂಡಿರುವುದು ಹೆಚ್ಚಾಗಿ ಆ ದಿಂಡಿನ ಆಚೆಯ ನಾಲ್ಕಡಿಯಲ್ಲಿ. ದಿಂಡಿನ ಬಳಿ ರೇಸು ಕೊಡಲೇಬೇಕಾದರೆ ಹ್ಯಾಂಡ್‌ಬ್ರೇಕನ್ನು ಅರ್ಧ ಎಳೆದುಕೊಂಡು ಕೊಡುವುದು ಹಳೆಯ ಡ್ರೈವರುಗಳ ಉಪಾಯ. ಚಕ್ರ ಇಳಿದ ಮೇಲೆ ಕಾರು ಓಡುವುದಿಲ್ಲ, ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಿರುತ್ತದೆ. ಗುಂಡಿ ಒತ್ತುವ ವಿದ್ಯುತ್ ಹ್ಯಾಂಡ್‌ಬ್ರೇಕಿರುವ ಹೊಸ ಕಾರುಗಳಲ್ಲಿ ಈ ಉಪಾಯ ನಡೆಯದು.

ಎತ್ತರದಲ್ಲಿ ಇದೇ ತಪ್ಪು ಏನಾಗುತ್ತದೆ ಎಂಬುದನ್ನು 2025ರ ಜನವರಿಯಲ್ಲಿ ಪುಣೆಯ ವಿಮಾನ್ ನಗರ ತೋರಿಸಿತು. ಕಟ್ಟಡವೊಂದರ ಮೊದಲ ಮಹಡಿಯ ಪಾರ್ಕಿಂಗಿನಿಂದ ಕಾರೊಂದು ಹಿಂದಕ್ಕೆ ಚಲಿಸಿ, ಗೋಡೆ ಒಡೆದುಕೊಂಡು, ಡಿಕ್ಕಿ ಮುಂದಾಗಿ ರಸ್ತೆಗೆ ಬಿತ್ತು. ಸಿಸಿಟಿವಿಯ ಆ ತುಣುಕು ಎಲ್ಲರ ಮೊಬೈಲಿಗೂ ಬಂದಿದೆ. ಥಾಣೆಯ ಗೋಡ್‌ಬಂದರ್ ರಸ್ತೆಯ ಗೋಪುರಗಳಲ್ಲಿ ಮೂರು ನಾಲ್ಕು ಮಹಡಿ ಪೋಡಿಯಂ ಪಾರ್ಕಿಂಗು ಈಗ ಮಾಮೂಲು. ಅಲ್ಲಿನ ಅಂಚಿನ ಗೋಡೆ ಎಷ್ಟು ದಪ್ಪ ಎಂದು ಫ್ಲ್ಯಾಟ್ ಕೊಳ್ಳುವಾಗ ಯಾರೂ ತಟ್ಟಿ ನೋಡುವುದಿಲ್ಲ.

ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ. ಅಮೆರಿಕ ಒಂದು ಹೆಜ್ಜೆ ಮುಂದೆ ಹೋಗಿ 2018ರ ಮೇ ತಿಂಗಳಿನಿಂದ ಹಿಂಬದಿ ಕ್ಯಾಮೆರಾವನ್ನೇ ಕಡ್ಡಾಯ ಮಾಡಿತು. ಅದಕ್ಕೆ ಕಾರಣವಾದ ಕಾಯ್ದೆಗೆ ಇಟ್ಟಿರುವುದು ಎರಡು ವರ್ಷದ ಒಂದು ಮಗುವಿನ ಹೆಸರು. ಮನೆಯಂಗಳದಲ್ಲಿ ಕಾರು ಹಿಂದೆ ತೆಗೆಯುತ್ತಿದ್ದ ಅಪ್ಪನಿಗೇ, ಅವರು ಮಕ್ಕಳ ವೈದ್ಯರು, ಹಿಂದೆ ನಿಂತಿದ್ದ ತನ್ನ ಕೂಸು ಕಾಣಲಿಲ್ಲ.

ಸೆನ್ಸರು ನಂಬಬಹುದಾದ ಆಳು, ಆದರೆ ಮಂದ ದೃಷ್ಟಿಯವನು. ಶಬ್ದದ ಅಲೆ ಬಿಟ್ಟು ಅದು ಮರಳಿ ಬರುವ ಹೊತ್ತನ್ನು ಅಳೆಯುತ್ತದೆ. ಅಗಲ ಗೋಡೆ, ಇನ್ನೊಂದು ಕಾರು ಚೆನ್ನಾಗಿ ಸಿಗುತ್ತವೆ. ತೆಳ್ಳನೆಯ ಕಬ್ಬಿಣದ ಸರಳು, ಪಾರ್ಕಿಂಗ್ ಕಾಯ್ದಿರಿಸಲು ಕಟ್ಟಿದ ಸರಪಳಿ, ಬಂಪರಿಗಿಂತ ಕೆಳಗಿರುವ ಕಲ್ಲು ತಪ್ಪಿಸಿಕೊಳ್ಳುತ್ತವೆ. ಇಲ್ಲದ್ದನ್ನು ಅದು ಕಾಣಲಾರದು. ಮುಚ್ಚಳ ಕಳಚಿದ ಗಟಾರದ ಬಾಯಿ ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಕ್ಯಾಮೆರಾ ಇನ್ನೊಂದು ಬಗೆಯ ಮೋಸ ಮಾಡುತ್ತದೆ. ಅಗಲ ನೋಟದ ಮಸೂರವಾದ್ದರಿಂದ ಹಿಂದಿರುವುದು ನಿಜಕ್ಕಿಂತ ದೂರ ಇದ್ದಂತೆ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಕಣ್ಣಿನ ಮೇಲೆ ಒಂದು ನೀರ ಹನಿ ಇಲ್ಲವೇ ಶೀಲ್‌ಫಾಟಾದ ಕೆಸರು ಕುಳಿತಿರುತ್ತದೆ. ಜೇಬಿನ ಕರವಸ್ತ್ರದ ತುದಿಯಿಂದ ಒಮ್ಮೆ ಒರೆಸಲು ಹತ್ತು ಸೆಕೆಂಡು ಸಾಕು, ಒರೆಸುವವರು ಕಡಿಮೆ.

ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹತ್ತುವ ಅಭ್ಯಾಸ ಇಲ್ಲಿನ ಹಳೆಯ ಲಾರಿ ಚಾಲಕರಲ್ಲಿತ್ತು. ಗಣಪತಿ ಹಬ್ಬದ ಹತ್ತು ದಿನ ಸೊಸೈಟಿಯ ಅಂಗಳದಲ್ಲಿ ಮಂಟಪ ಎದ್ದು, ಮಕ್ಕಳೆಲ್ಲ ಕಾರುಗಳ ಸಂದಿಯಲ್ಲಿ ಕಣ್ಣಾಮುಚ್ಚಾಲೆ ಆಡುವಾಗ, ಆ ಪ್ರದಕ್ಷಿಣೆಯ ಬೆಲೆ ಗೊತ್ತಾಗುತ್ತದೆ. ವಾಚ್‌ಮನ್ ಇದ್ದರೆ ಅವನು ಕನ್ನಡಿಯಲ್ಲಿ ಕಾಣುವ ಕಡೆ, ಬಲಬದಿಗೆ ನಿಲ್ಲಬೇಕು. ನೇರ ಹಿಂದೆ ನಿಂತು ಆನೇ ದೋ ಎನ್ನುವವನು ತನ್ನ ಮೊಣಕಾಲನ್ನೇ ಒತ್ತೆ ಇಟ್ಟಿರುತ್ತಾನೆ. ಅವನು ಕನ್ನಡಿಯಿಂದ ಮರೆಯಾದರೆ ಕಾರು ನಿಲ್ಲಬೇಕು, ಕೂಗು ಕೇಳುತ್ತಿದ್ದರೂ ಸರಿ. ಎಡಗೈಯನ್ನು ಪಕ್ಕದ ಸೀಟಿನ ಬೆನ್ನಿಗೆ ಹಾಕಿ ಪೂರ್ತಿ ಹಿಂದೆ ತಿರುಗಿ ನೋಡುವ ಪದ್ಧತಿ ಒಳ್ಳೆಯದೇ. ಆದರೆ ಸೊಂಟ ತಿರುಗಿದಾಗ ಬಲಗಾಲೂ ಜೊತೆಗೆ ಸ್ವಲ್ಪ ಜರುಗುತ್ತದೆ ಎಂಬುದು ನೆನಪಿರಬೇಕು. ತಿರುಗಿದ ಮೇಲೆ ಪಾದ ಬ್ರೇಕಿನ ನಡುವೆ ಇದೆಯೇ ಎಂದು ಒಮ್ಮೆ ಒತ್ತಿ ನೋಡಿ, ಆಮೇಲೆ ಸಡಿಲಿಸುವುದು ಕ್ಷೇಮ.

ನಿಲ್ಲಿಸಿದ ಮೇಲೂ ಕತೆ ಮುಗಿಯುವುದಿಲ್ಲ. ಪಿ ಎಂಬ ಅಕ್ಷರದ ಹಿಂದೆ ಇರುವುದು ಗೇರ್ ಪೆಟ್ಟಿಗೆಯೊಳಗಿನ ಒಂದು ಹಲ್ಲುಚಕ್ರ ಮತ್ತು ಅದಕ್ಕೆ ಸಿಕ್ಕಿಕೊಳ್ಳುವ ಬೆರಳುದ್ದದ ಉಕ್ಕಿನ ಕೊಕ್ಕೆ. ಬೇಲಾಪುರದ ಪಾರ್ಸಿಕ್ ಗುಡ್ಡದ ಇಳಿಜಾರು ಬೀದಿಯಲ್ಲಿ ಕಾರು ನಿಲ್ಲಿಸಿ ಬರೀ ಪಿ ಗೆ ತಳ್ಳಿ ಇಳಿದರೆ, ಟನ್ನಿಗೂ ಹೆಚ್ಚಿನ ಭಾರವೆಲ್ಲ ಆ ಕೊಕ್ಕೆಯ ಮೇಲೆ. ಮರುದಿನ ಬೆಳಿಗ್ಗೆ ಲಿವರ್ ಎಳೆದಾಗ ‘ಠಕ್’ ಎಂದು ಸಪ್ಪಳವಾಗುವುದು ಅದೇ ನೋವಿಗೆ. ಬ್ರೇಕ್ ಒತ್ತಿ ಹಿಡಿದು ಎನ್ ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಸಡಿಲಿಸಿ, ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕುಳಿತ ಮೇಲೆ ಪಿ ಗೆ ಹಾಕಿದರೆ ಕೊಕ್ಕೆ ಹಾಯಾಗಿರುತ್ತದೆ. ಮಾರುತಿಯದೂ ಸೇರಿ ಅನೇಕ ಎಎಂಟಿ ಕಾರುಗಳಲ್ಲಿ ಪಿ ಎಂಬ ಅಕ್ಷರವೇ ಇಲ್ಲ, ಇರುವುದು ಆರ್, ಎನ್, ಡಿ, ಎಂ ಮಾತ್ರ. ಅಲ್ಲಿ ಗೇರಿನಲ್ಲೇ ಬಿಟ್ಟು ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು ಇಳಿಯಬೇಕು.

ಕಾರು ಪಿ ಯಲ್ಲಿದೆ ಎಂದು ‘ಭಾವಿಸಿ’ ಇಳಿಯುವುದು ಬೇರೆಯೇ ಅಪಾಯ. ಸ್ಟಾರ್ ಟ್ರೆಕ್ ಚಿತ್ರಗಳ ನಟ ಆಂಟನ್ ಯೆಲ್ಚಿನ್ 2016ರ ಜೂನಿನಲ್ಲಿ ತೀರಿಕೊಂಡದ್ದು ತಮ್ಮದೇ ಮನೆಯ ಇಳಿಜಾರು ದಾರಿಯಲ್ಲಿ, ಹಿಂದಕ್ಕೆ ಉರುಳಿ ಬಂದ ತಮ್ಮದೇ ಜೀಪಿಗೂ ಗೇಟಿನ ಕಂಬಕ್ಕೂ ನಡುವೆ ಸಿಕ್ಕಿ. ಆ ಮಾದರಿಯ ಲಿವರ್ ಯಾವ ಗೇರಿಗೆ ಹಾಕಿದರೂ ಮರಳಿ ನಡುವಿಗೇ ಬಂದು ನಿಲ್ಲುತ್ತಿತ್ತು. ಕೈಗೆ ಗುರುತು ಸಿಗುತ್ತಿರಲಿಲ್ಲ. ಅದೇ ವರ್ಷ ಏಪ್ರಿಲಿನಲ್ಲಿ ಕಂಪನಿ ಅಂಥ ಹತ್ತು ಲಕ್ಷಕ್ಕೂ ಮಿಕ್ಕಿ ವಾಹನಗಳನ್ನು ದುರಸ್ತಿಗೆ ವಾಪಸ್ ಕರೆದಿತ್ತು. ಈಗಿನ ಹೊಸ ಕಾರುಗಳಲ್ಲಿ ಗುಂಡಿ, ತಿರುಗುಬಿಲ್ಲೆ, ಕಡ್ಡಿ ಎಂದು ನೂರೆಂಟು ಬಗೆ. ಕೈಯನ್ನು ನಂಬದೆ ಡಯಲಿನ ಮೇಲೆ ಬೆಳಗುವ ಅಕ್ಷರವನ್ನು ಕಣ್ಣಾರೆ ಓದಿ ಬಾಗಿಲು ತೆರೆಯುವುದೇ ಮೇಲು.

ಇಷ್ಟು ಅಂಗಳದ ಮಾತು. ರಸ್ತೆಗಿಳಿದರೆ ಥಾಣೆ ಜಿಲ್ಲೆ ಎಂಬುದು ವರ್ಷದಲ್ಲಿ ನಾಲ್ಕು ತಿಂಗಳು ಒಂದು ಪರೀಕ್ಷಾ ಕೊಠಡಿ.

ಗಾಯ್‌ಮುಖ ಘಾಟಿಯನ್ನೇ ನೋಡಿ. ನ್ಹಾವಾ ಶೇವಾ ಬಂದರಿನಿಂದ ಗುಜರಾತಿಗೆ ಹೊರಟ ಕಂಟೇನರುಗಳು ಕಳಂಬೋಲಿ, ಮುಂಬ್ರಾ ಬೈಪಾಸ್ ದಾಟಿ ಗೋಡ್‌ಬಂದರ್ ರಸ್ತೆಗೆ ಬರುತ್ತವೆ, ಗಾಯ್‌ಮುಖದ ಏರಿನಲ್ಲಿ ಇಂಚಿಂಚು ತೆವಳುತ್ತವೆ. ಅವುಗಳ ಹಿಂದೆ ಎಎಂಟಿ ಕಾರು. ಬ್ರೇಕ್ ಬಿಟ್ಟರೆ ಹಿಂದಕ್ಕೆ ಜಾರುತ್ತದೆಂದು ಆಕ್ಸಿಲರೇಟರನ್ನು ಹದವಾಗಿ ಒತ್ತಿ ಕಾರನ್ನು ಏರಿನ ಮೇಲೆ ತೇಲಿಸಿ ನಿಲ್ಲಿಸುವವರು ಬಹಳ. ಅವರ ಮಟ್ಟಿಗೆ ಅದು ನಾಜೂಕು. ಒಳಗೆ ಕ್ಲಚ್ ಪ್ಲೇಟು ಅರ್ಧ ಹಿಡಿದು ಅರ್ಧ ಬಿಟ್ಟು ಸುಡುತ್ತಿರುತ್ತದೆ. ಗೇರಿನ ಗಾಡಿಯಲ್ಲಾದರೆ ಹಾಫ್ ಕ್ಲಚ್ಚಿನ ವಾಸನೆಗೆ ನಾವೇ ಕಾಲು ತೆಗೆಯುತ್ತಿದ್ದೆವು. ಇಲ್ಲಿ ವಾಸನೆ ಬರುವ ಹೊತ್ತಿಗೆ ಮೆಕ್ಯಾನಿಕ್ಕಿನ ಬಿಲ್ಲು ಸಿದ್ಧವಾಗಿರುತ್ತದೆ. ಎರಡು ಕ್ಲಚ್ಚಿನ ಡಿಸಿಟಿ ಕಾರುಗಳೂ ಇಂಥ ಏರಿನಲ್ಲಿ ಕಾವೇರಿ ಎಚ್ಚರಿಕೆಯ ದೀಪ ಹೊತ್ತಿಸುತ್ತವೆ. ಏರಿನಲ್ಲಿ ನಿಲ್ಲಬೇಕೆಂದರೆ ಬ್ರೇಕಿನಲ್ಲಿ ನಿಲ್ಲಬೇಕು. ಮುಂದಿನ ಕಂಟೇನರಿಗೆ ಎರಡು ಕಾರಿನಷ್ಟು ಜಾಗ ಬಿಟ್ಟು, ಅದು ಆರು ಸಲ ತೆವಳಿದಾಗ ನಾವು ಒಂದು ಸಲ ಹೊರಡುವುದು ಕ್ಲಚ್ಚಿಗೂ ಒಳ್ಳೆಯದು, ಕಂಟೇನರು ಹಿಂದೆ ಜಾರಿದರೆ ನಮಗೂ ಒಳ್ಳೆಯದು. ಆ ಖಾಲಿ ಜಾಗಕ್ಕೆ ರಿಕ್ಷಾ ನುಗ್ಗುತ್ತದಲ್ಲ ಎಂದರೆ, ನುಗ್ಗುತ್ತದೆ. ನುಗ್ಗಲಿ.

ಹಿಲ್ ಹೋಲ್ಡ್ ಎಂಬ ಸೌಲಭ್ಯ ಇದ್ದವರು ಅದು ಶಾಶ್ವತ ಎಂದುಕೊಳ್ಳಬಾರದು. ಬ್ರೇಕ್ ಬಿಟ್ಟ ಮೇಲೆ ಎರಡು ಮೂರು ಸೆಕೆಂಡು ಹಿಡಿದುಕೊಂಡು ಆಮೇಲೆ ಅದು ಕೈಬಿಡುತ್ತದೆ. ಇಲ್ಲದವರಿಗೆ ಹ್ಯಾಂಡ್‌ಬ್ರೇಕೇ ದಿಕ್ಕು: ಎಳೆದಿಟ್ಟು, ಆಕ್ಸಿಲರೇಟರ್ ಮೆಲ್ಲಗೆ ಒತ್ತಿ, ಕಾರಿನ ಮೂತಿ ಎದ್ದು ಜಗ್ಗಿದ್ದು ತಿಳಿದಾಗ ಸಡಿಲಿಸುವುದು. ಕಲ್ಯಾಣದ ಪತ್ರಿ ಪೂಲಿನಲ್ಲಿ, ಡೊಂಬಿವಲಿಯ ಕೋಪರ್ ಸೇತುವೆಯ ಏರಿನಲ್ಲಿ, ಹಿಂದೆ ಬೈಕು ಮೂಗು ತಾಗಿಸಿ ನಿಂತಿರುವಾಗ ಈ ವಿದ್ಯೆ ಬರದಿದ್ದರೆ ಜಗಳ ಖಚಿತ.

ಇಳಿಜಾರಿಗೆ ನಿಯಮ ತಿರುವುಮುರುವು. ಕಲ್ಯಾಣದಿಂದ ಮುರಬಾಡ್ ದಾಟಿ ಮಾಳ್ಶೇಜ್ ಘಾಟಿಗೆ ಜುಲೈಯಲ್ಲಿ ಹೋಗದವರಿಲ್ಲ. ಜಲಪಾತ ರಸ್ತೆಗೇ ಬೀಳುತ್ತದೆ, ಮಂಜು ಬಾನೆಟ್ಟಿನವರೆಗೆ ಬಂದು ಕೂರುತ್ತದೆ. ಊರಿಗೆ ಹೋಗುವಾಗ ಪರಶುರಾಮ ಘಾಟಿಯೋ ಆಂಬೋಲಿಯೋ ಶಿರಾಡಿಯೋ ಎದುರಾಗುತ್ತದೆ. ಡಿ ಯಲ್ಲಿ ಬಿಟ್ಟ ಕಾರು ಇಳಿಜಾರಿನಲ್ಲಿ ಮೇಲಿನ ಗೇರಿಗೆ ಹತ್ತುತ್ತದೆ, ಎಂಜಿನ್ನಿನ ಹಿಡಿತ ಸಡಿಲಾಗುತ್ತದೆ, ಕೆಲಸವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಹತ್ತು ನಿಮಿಷ ಒತ್ತಿ ಹಿಡಿದ ಬ್ರೇಕು ಕಾದು ಮೆತ್ತಗಾಗುತ್ತದೆ. ಲಿವರಿನ ಮೇಲೆ ಎಲ್, 2, ಎಸ್, ಎಂ ಎಂದೆಲ್ಲ ಬರೆದಿರುವುದು ಅಲಂಕಾರಕ್ಕಲ್ಲ, ಈ ಘಾಟಿಗೆ. ಏರಲು ಬೇಕಾದ ಗೇರಿನಲ್ಲೇ ಇಳಿಯಬೇಕು ಎಂದು ಹಳಬರು ಹೇಳುತ್ತಿದ್ದ ಮಾತು ಆಟೋಮ್ಯಾಟಿಕ್‌ಗೂ ಸಲ್ಲುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ಎನ್ ಗೆ ತಳ್ಳಿ ಜಾರುವುದು ಶುದ್ಧ ಮೂರ್ಖತನ. ಉಳಿಯುವುದೂ ಇಲ್ಲ: ಗೇರಿನಲ್ಲಿ ಇಳಿಯುವಾಗ ಇಂದಿನ ಎಂಜಿನ್ನುಗಳು ಇಂಧನವನ್ನೇ ನಿಲ್ಲಿಸಿಬಿಡುತ್ತವೆ, ಎನ್ ನಲ್ಲಾದರೆ ಎಂಜಿನ್ ಉರಿಯುತ್ತಲೇ ಇರಬೇಕು.

ಮಳೆಯಲ್ಲಿ ಪಾಮ್ ಬೀಚ್ ರಸ್ತೆ ನುಣ್ಣಗೆ, ನೇರವಾಗಿ, ಕರೆದಂತೆ ಬಿದ್ದಿರುತ್ತದೆ. ಅಲ್ಲಿ ಕ್ರೂಸ್ ಕಂಟ್ರೋಲ್ ಒತ್ತಿ ಕಾಲು ಚಾಚಿ ಕೂರುವ ಆಸೆ ಬೇಡ. ನೀರಿನ ತೆಳು ಪದರದ ಮೇಲೆ ಚಕ್ರ ಏರಿದಾಗ ಕಾಲು ಆಕ್ಸಿಲರೇಟರಿನಿಂದ ತಾನಾಗಿ ಏಳಬೇಕು, ಯಂತ್ರ ಎತ್ತುವುದಿಲ್ಲ. ಎದುರಿನ ಗಾಜು ಮಂಜುಗಟ್ಟಿದರೆ ಎಸಿ ಆರಿಸುವುದಲ್ಲ, ಹಚ್ಚಬೇಕು. ಹೊರಗಿನ ಗಾಳಿ ಒಳಬಿಡುವ ಗುಂಡಿ ಒತ್ತಿ ಗಾಜಿನ ಕಡೆ ತಿರುಗಿಸಬೇಕು.

ನೀರು ನಿಂತ ರಸ್ತೆಯ ಪಾಠವನ್ನು ಈ ಸೀಮೆ ಕಲಿತದ್ದು 2005ರ ಜುಲೈ 26ರಂದು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಇತ್ತ ಉಲ್ಹಾಸ್ ನದಿ ಉಕ್ಕಿ ಬದಲಾಪುರ, ಕಲ್ಯಾಣ್ ಜಲಾವೃತ. ಅಂದು ಕಾರಿನೊಳಗೇ ಸಿಕ್ಕಿ ಸತ್ತವರಿದ್ದರು. ಗಾಜು ಇಳಿಯಲಿಲ್ಲ, ಬಾಗಿಲು ತೆರೆಯಲಿಲ್ಲ. 2017ರ ಆಗಸ್ಟ್ 29ರ ಮಳೆಯಲ್ಲಿ ಸಾಯನ್ ಬಳಿ ಯುವ ವಕೀಲರೊಬ್ಬರು ಹಾಗೇ ಕಾರಿನೊಳಗೆ ಪ್ರಾಣ ಕಳೆದುಕೊಂಡರು. ಬೆಂಗಳೂರಿನಲ್ಲಿ 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿಗೆ ಇಳಿದ ಕಾರಿನಲ್ಲಿ 22 ವರ್ಷದ ಸಾಫ್ಟ್‌ವೇರ್ ಉದ್ಯೋಗಿ ಮುಳುಗಿದರು. ಹಗಲು ಹೊತ್ತು, ವಿಧಾನಸೌಧದ ಕೂಗಳತೆಯಲ್ಲಿ.

ಸಣ್ಣ ಕಾರಿನ ಹೊಟ್ಟೆ ನೆಲದಿಂದ ಆರೂವರೆ ಇಂಚು ಮೇಲಿರುತ್ತದೆ. ಒಂದು ಅಡಿ ಹರಿಯುವ ನೀರಿಗೆ ಅದನ್ನು ತೇಲಿಸುವ ಶಕ್ತಿಯಿದೆ. ಮುಂದಿನ ವಾಹನದ ಚಕ್ರದ ನಡುಗುಂಬ ಮುಳುಗಿದ್ದು ಕಂಡರೆ ಹಿಂದಕ್ಕೆ ತಿರುಗುವುದೇ ಸರಿ, ಬಸ್ಸು ದಾಟಿತಲ್ಲ ಎಂಬ ವಾದ ಬೇಡ. ಅದಕ್ಕಿಂತ ಕಡಿಮೆ ನೀರಾದರೆ ಎಂ ಇಲ್ಲವೇ ಎಲ್ ಗೆ ಹಾಕಿ ಮೊದಲ ಗೇರಿನಲ್ಲೇ ಕಟ್ಟಿಹಾಕಿ, ಒಂದೇ ಸಮನಾದ ನಡಿಗೆಯ ವೇಗದಲ್ಲಿ ದಾಟಬೇಕು. ಡಿ ಯಲ್ಲಿ ಬಿಟ್ಟರೆ ನೀರ ನಡುವೆ ಅದು ತನ್ನ ಇಷ್ಟದಂತೆ ಗೇರ್ ಬದಲಿಸುತ್ತದೆ. ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಪಿಸ್ಟನ್ನಿನ ಕಡ್ಡಿ ಬಾಗುತ್ತದೆ. ಗೇರಿನ ಗಾಡಿಯ ಹಾಗೆ ನಾಲ್ಕು ಜನ ತಳ್ಳಿ ಹೊರಡಿಸುವ ದಾರಿಯೂ ಇಲ್ಲ. ಹಗ್ಗ ಕಟ್ಟಿ ಎಳೆದುಕೊಂಡು ಹೋದರೆ ಟಾರ್ಕ್ ಕನ್ವರ್ಟರ್ ಗೇರ್ ಪೆಟ್ಟಿಗೆ ಎಣ್ಣೆಯಿಲ್ಲದೆ ಒಣಗಿ ಸವೆಯುತ್ತದೆ, ಏಕೆಂದರೆ ಎಣ್ಣೆ ಹರಿಸುವ ಪಂಪು ತಿರುಗುವುದು ಎಂಜಿನ್ ಓಡುವಾಗ ಮಾತ್ರ. ಕಾರನ್ನೇ ಹೊತ್ತು ಸಾಗಿಸುವ ವಾಹನ ಕರೆಸಬೇಕು. ನೀರಿಗಿಳಿಯುವ ಮುನ್ನವೇ ಪಕ್ಕದ ಗಾಜುಗಳನ್ನು ಅರ್ಧ ಇಳಿಸಿ, ಬಾಗಿಲ ಬೀಗ ತೆರೆದಿಡುವುದು 26 ಜುಲೈ ಕಂಡವರು ಇಂದಿಗೂ ಬಿಡದ ರೂಢಿ. ಒಳಗೆ ಸಿಕ್ಕಿಕೊಂಡರೆ ಒಡೆಯಬೇಕಾದದ್ದು ಪಕ್ಕದ ಗಾಜನ್ನು, ಅದೂ ಮೂಲೆಯಲ್ಲಿ. ಎದುರಿನ ಗಾಜು ಪದರದ್ದು, ಒಡೆದರೂ ಬೀಳುವುದಿಲ್ಲ.

ದಾರಿ ತೋರುವ ಮೊಬೈಲಿನ ಮೇಲೆ ಭಾರ ಹಾಕಿದವರಿಗೆ ಬೇಲಾಪುರ ಒಂದು ಕತೆ ಕೊಟ್ಟಿದೆ. 2025ರ ಜುಲೈ ಕೊನೆಯಲ್ಲಿ ನಡುರಾತ್ರಿ ಉಲ್ವೆಯತ್ತ ಹೊರಟ ಮಹಿಳೆಯೊಬ್ಬರು ಸೇತುವೆ ಹತ್ತುವ ಬದಲು ನಕ್ಷೆ ತೋರಿದಂತೆ ಅದರ ಕೆಳಗಿನ ದಾರಿ ಹಿಡಿದರು. ಕಾರು ಧ್ರುವತಾರಾ ಜೆಟ್ಟಿಯಿಂದ ಸೀದಾ ಖಾಡಿಗೆ ಬಿತ್ತು. ಸಮೀಪದಲ್ಲೇ ಇದ್ದ ಸಾಗರ ಭದ್ರತಾ ಪೊಲೀಸರು ಅವರನ್ನು ಮೇಲೆತ್ತಿದರು.

ಇದನ್ನೆಲ್ಲ ಓದಿ ಕಲಿಯಲಾಗದು, ಕಾಲಿಗೆ ರೂಢಿಯಾಗಬೇಕು. ಅದಕ್ಕೆ ಖಾರ್ಘರಿನ ಸೆಂಟ್ರಲ್ ಪಾರ್ಕ್ ಕಡೆಯ ಅಗಲ ರಸ್ತೆಗಳು ಭಾನುವಾರ ಬೆಳಿಗ್ಗೆ ಆರಕ್ಕೆ ಚೆನ್ನ. ಮನೆಯ ಎರಡು ಪ್ಲಾಸ್ಟಿಕ್ ಬಕೆಟ್, ಅರ್ಧ ನೀರು ತುಂಬಿ, ಕಾರಿನ ಅಗಲಕ್ಕಿಂತ ಎರಡಡಿ ಹೆಚ್ಚು ಅಂತರದಲ್ಲಿ ಇಡಬೇಕು. ಕಾರನ್ನು ಹತ್ತು ಮೀಟರ್ ಮುಂದೆ ನಿಲ್ಲಿಸಿ, ಆರ್ ಗೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಆ ನಡುವಿನಿಂದ ಹಿಂದಕ್ಕೆ ತರಬೇಕು. ನಡುವೆ ಹೆಂಡತಿಯೋ ಮಗನೋ ಹೇಳದೆ ಕೇಳದೆ ‘ಬಸ್’ ಎನ್ನಬೇಕು. ಕಾರು ಅಲ್ಲೇ ನಿಲ್ಲಬೇಕು. ಮೊದಲ ವಾರ ಬಕೆಟ್ ಉರುಳಿ, ನೀರು ಚೆಲ್ಲಿ, ಬೆಳಗಿನ ನಡಿಗೆಗೆ ಬಂದ ಮುದುಕರು ನಿಂತು ನೋಡುತ್ತಾರೆ. ಅವರಲ್ಲೊಬ್ಬರು ಖಂಡಿತ ಹತ್ತಿರ ಬಂದು, ಬೇಡವೆಂದರೂ ಕೇಳದೆ, ಕೈ ಬೀಸಿ ಶುರು ಮಾಡುತ್ತಾರೆ: ‘ಆನೇ ದೋ, ಆನೇ ದೋ...’